ಹೆಲಿಕಾಪ್ಟರ್ ಬೇಡ, ಚಿಲಕ ಸಾಕು

ಶಿರಸಿ

ಪ್ರೀತಿಯ ತಂಗೀ,

ನಿನ್ನ ಗೂಢಚಾರನ ಕಥೆಯ ಎರಡನೇ ಭಾಗ ಬಂತು. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಮೊದಲ ಭಾಗದಲ್ಲಿ ಒಂದು ದೋಣಿ ಸುಟ್ಟಿತ್ತು. ಇದರಲ್ಲಿ ನಾಲ್ಕು ಸುಟ್ಟಿವೆ, ಜೊತೆಗೊಂದು ಹೆಲಿಕಾಪ್ಟರ್. ಕಾರವಾರದ ಸಮುದ್ರಕ್ಕೆ ಅಷ್ಟು ಬೆಂಕಿ ಬಿದ್ದರೂ ನನ್ನ ಎದೆ ಒಂದು ಸಲವೂ ಢವಢವ ಅನ್ನಲಿಲ್ಲ. ಬೇಜಾರು ಮಾಡ್ಕೋಬೇಡ.

ಮುಂದಿನ ಭಾಗ ಅಂದರೆ ಎಲ್ಲವನ್ನೂ ಜಾಸ್ತಿ ಮಾಡುವುದು ಅಂತ ನಾನೂ ಅಂದುಕೊಂಡಿದ್ದೆ. ‘ಮಿಷನ್ ಇಂಪಾಸಿಬಲ್’ ಚಿತ್ರಗಳನ್ನು ಸಾಲಾಗಿ ನೋಡು. ಸ್ಟಂಟ್ ಬಿಡು, ಗೂಢಚಾರರು ಬೇರೆಯವರಂತೆ ಕಾಣಲು ಹಾಕುವ ಮುಖವಾಡ ಒಂದನ್ನೇ ಗಮನಿಸು. 1996ರ ಮೊದಲ ಚಿತ್ರದಲ್ಲಿ ಮುಖವಾಡ ಕಳಚಿದಾಗ ಬೆರಗು. 2000ದ ಎರಡನೆಯದರಲ್ಲಿ ಅದನ್ನೇ ಕಳಚಿ ಕಳಚಿ ರುಚಿ ಕೆಡಿಸಿದರು. 2006ರಲ್ಲಿ ಮುಖವಾಡ ತಯಾರಾಗುವುದನ್ನೇ ತೋರಿಸಿದರು. ಚಿಕ್ಕವರಿದ್ದಾಗ ಯಕ್ಷಗಾನದ ಆಟ ಶುರುವಾಗುವ ಮೊದಲು ಚೌಕಿಗೆ, ಅಂದರೆ ಬಣ್ಣದ ಮನೆಗೆ, ಇಣುಕಿ ಬಣ್ಣ ಹಚ್ಚುವುದನ್ನು ನೋಡ್ತಿದ್ದೆವಲ್ಲ, ಹಾಗೆ. ಗುಟ್ಟು ಗೊತ್ತಿದ್ದರೂ ವೇಷ ರಂಗಕ್ಕೆ ಬಂದಾಗ ಮೈ ಜುಂ ಅನ್ನುತ್ತಿತ್ತು.

2011ರ ನಾಲ್ಕನೆಯದರಲ್ಲಿ ಮುಖವಾಡದ ಯಂತ್ರವೇ ಕೆಟ್ಟಿತು. ಅದೂ ದುಬೈನ ಬುರ್ಜ್ ಖಲೀಫಾದಲ್ಲಿ, ಬೇಕೇ ಬೇಕಾದ ಹೊತ್ತಿಗೆ. ಸ್ವಂತ ಮುಖ ಇಟ್ಟುಕೊಂಡೇ ಹೋಗಿ ಸುಳ್ಳು ಹೇಳಬೇಕು. ಗಾಜಿನ ಗೋಡೆ ಹತ್ತುವ ಗ್ಲೌಸೂ ಅಲ್ಲೇ ಕೈ ಕೊಡುತ್ತದೆ. 2018ರ ಆರನೆಯದರಲ್ಲಿ ಯಾರ ಮುಖವಾಡ ಬೇಕೋ ಆ ಮನುಷ್ಯನ ಮುಖಕ್ಕೇ ಗುಂಡು ಬೀಳುತ್ತದೆ. ಅಚ್ಚು ತೆಗೆಯಲು ಮುಖವೇ ಇಲ್ಲ!

ನಮ್ಮ ಕನ್ನಡ ಚಿತ್ರಗಳ ಗೂಢಚಾರ ಸಿಐಡಿ 999 ಕೂಡ 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ನಾಲ್ಕು ಸಲ ಬಂದ. ಆದರೆ ನಾವು ಹೋಗುತ್ತಿದ್ದುದು ಅಣ್ಣಾವ್ರನ್ನು ನೋಡಲು. ನಿನಗೂ ನನಗೂ ಆ ಅನುಕೂಲ ಇಲ್ಲ.

ನಿನ್ನ ನಾಯಕನ ಮುಖವಾಡ ಯಾವುದು? ಅವನ ಕೊಂಕಣಿ. ಮೀನು ಮಾರ್ಕೆಟ್‌ನಲ್ಲಿ ಬಂಗಡೆಗೆ ಚೌಕಾಸಿ ಮಾಡುತ್ತ ಅವನು ಹತ್ತರಲ್ಲಿ ಒಬ್ಬನಾಗುವ ಪುಟ ಇದೆಯಲ್ಲ, ಮೊದಲ ಭಾಗದ ಜೀವ ಅದೇ. ಈಗ ಅದನ್ನು ಅವನಿಂದ ಕಿತ್ತುಕೋ. ಘಟ್ಟ ಹತ್ತಿಸು. ನಮ್ಮ ಕಡೆಯ ಒಂದು ಅಡಿಕೆ ತೋಟದ ಮನೆಯ ಜಗಲಿಯಲ್ಲಿ ಕೂರಿಸು, ಭಟ್ಟರ ದೂರದ ನೆಂಟ ಅಂತ ಸುಳ್ಳು ಹೇಳಿಸು. ಅಜ್ಜಿ ಬಂದು ‘ತಮಾ, ಆಸ್ರಿಗೆ ಎಂತ ಬೇಕು?’ ಅನ್ನುತ್ತಾಳೆ. ಕುಡಿಯಲು ಏನು ಕೊಡಲಿ ಅಂತ ನಮ್ಮ ಕಡೆಯ ಮಾತಿನಲ್ಲಿ ಕೇಳಿದ್ದು ಅವನಿಗೆ ತಿಳಿಯುವುದಿಲ್ಲ. ಸುಮ್ನೆ ನಗುತ್ತಾನೆ. ಮಜ್ಜಿಗೆ ತರ್ತೇನೆ ಅಂತ ಅಜ್ಜಿ ಒಳಗೆ ಹೋಗುತ್ತಾಳೆ. ಬಾಗಿಲ ಚಿಲಕ ಬಿದ್ದ ಸದ್ದು. ನಾಲ್ಕು ದೋಣಿ ಯಾಕೆ ಬೇಕು ಹೇಳು?

ಹಾಂ, ಹಿಂದಿನ ಭಾಗದ ಗಾಯ ಮರೀಬೇಡ. ನನ್ನ ಒಂದು ಧಾರಾವಾಹಿಯಲ್ಲಿ ನಾಯಕನ ಮಂಡಿಗೆ ಗುಂಡು ಬಿದ್ದಿತ್ತು. ಮುಂದಿನದರಲ್ಲಿ ಅವನನ್ನು ದೇವಿಮನೆ ಘಟ್ಟ ಓಡಿ ಹತ್ತಿಸಿದೆ. ಕುಮಟಾದಲ್ಲಿ ಬಸ್ ಹತ್ತಿದರೆ ಕಂಡಕ್ಟರ್ ಟಿಕೆಟ್ ಹರಿಯುತ್ತ, ‘ಸಾರ್, ಆ ಮಂಡಿ ಸರಿ ಮಾಡಿದ ಡಾಕ್ಟರು ಎಲ್ಲಿದ್ದಾರೆ? ನಮ್ಮ ಅಮ್ಮನಿಗೂ ತೋರಿಸ್ಬೇಕಿತ್ತು’ ಅಂದ. ಶಿರಸಿ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ಹೆಲಿಕಾಪ್ಟರ್ ತೆಗೆದು ಮತ್ತೆ ಕಳಿಸು. ದೋಣಿ ಬೇಕಾದರೆ ಒಂದು ಇರಲಿ.

ಇಂತಿ,
ನಿನ್ನ ಶಿರಸಿ ಅಣ್ಣ