ಚುನಾವಣಾ ಡ್ಯೂಟಿಗೆ ಹೊರಟ ಮಗಳಿಗೆ

ಪುಟ್ಟಿ,

ಪ್ರಚಾರ ಸಭೆಗಳನ್ನು ಚಿತ್ರೀಕರಿಸುವ ವಿಡಿಯೊ ಕಣ್ಗಾವಲು ತಂಡಕ್ಕೆ ನಿನ್ನನ್ನು ಹಾಕಿದ್ದಾರೆಂದು ಕೇಳಿ ಹೆಮ್ಮೆಯಾಯಿತು. ಆದರೆ "ಭಾಷಣದಲ್ಲಿ ಎಲ್ಲರೂ ದೇವರ ಹೆಸರು ಎತ್ತುತ್ತಾರೆ, ಅದನ್ನೇನು ಹಿಡಿಯೋದಮ್ಮ" ಅಂದೆಯಲ್ಲ, ಆ ಮಾತು ತಲೆ ಬಿಟ್ಟು ಹೋಗುತ್ತಿಲ್ಲ.

ದೇವರ ಹೆಸರು ಎತ್ತಲಿ. ಧರ್ಮದ ಹೆಸರಲ್ಲಿ ವೋಟು ಕೇಳಿದರೆ ಅದು ಜನಪ್ರತಿನಿಧಿ ಕಾಯ್ದೆಯ 123(3)ರಡಿ ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮ ಇರಲಿ, ಮತದಾರರ ಧರ್ಮ ಇರಲಿ, ಎರಡಕ್ಕೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2017ರ ಜನವರಿ 2ರಂದು ಹೇಳಿತು, 4–3ರ ಬಹುಮತದಲ್ಲಿ. ಧರ್ಮದ ಆಧಾರದಲ್ಲಿ ದ್ವೇಷ ಹಚ್ಚಿದರೆ ಅದೇ ಕಾಯ್ದೆಯ 125ರಡಿ ಮೂರು ವರ್ಷದವರೆಗೆ ಜೈಲು.

ಇಷ್ಟಿದ್ದರೂ ಕೇಸು ಬಿದ್ದುಹೋಗುವುದು ಸಾಕ್ಷ್ಯದಲ್ಲಿ. ಚಿತ್ರೀಕರಣ ಶುರುವಾದ ಕೂಡಲೇ ದಿನಾಂಕ, ಸ್ಥಳ, ಪಕ್ಷ, ಅಭ್ಯರ್ಥಿಯ ಹೆಸರನ್ನು ಬಾಯಲ್ಲಿ ಹೇಳಿಸು. ಅಂಥ ಮಾತು ಬಂದಾಗ ಕ್ಯಾಮೆರಾ ಭಾಷಣಕಾರನಿಂದ ವೇದಿಕೆಯ ಉದ್ದಕ್ಕೂ ಹರಿದು, ಅಭ್ಯರ್ಥಿ ಅಲ್ಲೇ ಕೂತಿದ್ದಾರಾ ಎಂದು ತೋರಿಸಬೇಕು. ಬೇರೆಯವರು ಆಡಿದ ಮಾತಿಗೆ ಅಭ್ಯರ್ಥಿಯ ಅಥವಾ ಅವರ ಚುನಾವಣಾ ಏಜೆಂಟರ ಒಪ್ಪಿಗೆ ಇತ್ತೆಂದು ಸಾಬೀತಾಗದಿದ್ದರೆ, ಗೆದ್ದವರ ಆಯ್ಕೆ ರದ್ದು ಮಾಡಿ ಎನ್ನುವ ಅರ್ಜಿ ನಿಲ್ಲುವುದಿಲ್ಲ. ವರದಿಯಲ್ಲಿ "ಪ್ರಚೋದನಕಾರಿ ಭಾಷಣ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಎಷ್ಟನೇ ನಿಮಿಷ, ಯಾರು, ಆಡಿದ ಮಾತೇ ಏನು, ಅದನ್ನು ಬರೆ.

ತುಣುಕನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿ ಅದನ್ನೇ ದಾಖಲೆ ಅಂದುಕೊಳ್ಳಬೇಡ. ಅಲ್ಲಿ ಫೈಲು ಕುಗ್ಗುತ್ತದೆ, ಫೈಲಿನ ಬೆರಳಚ್ಚಿನಂತಿರುವ ಹ್ಯಾಷ್ ಸಂಖ್ಯೆ ಬದಲಾಗುತ್ತದೆ. ವಿಡಿಯೊವನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಆ ಸಂಖ್ಯೆ ತಾಳೆಯಾಗಬೇಕು. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಮರುದಿನದ ಸಭೆಗೆ ಅಳಿಸಿ ಬಳಸಲು ಬಿಡಬೇಡ. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಅರ್ಜಿ ಹೋಗಬೇಕು, ಹುಡುಕಾಡಲು ಸಮಯವಿರುವುದಿಲ್ಲ.

ನನ್ನನ್ನು ಕಾಡುವುದು ಬೇರೆ. ಒಂದು ದಿನ ನಮ್ಮವರ ಸಭೆ ಬರುತ್ತದೆ. ನಾವು ಕಾಲಿಗೆ ಬೀಳುವ ಸ್ವಾಮಿಗಳು ವೇದಿಕೆಯಲ್ಲಿರುತ್ತಾರೆ. "ನಮ್ಮ ಧರ್ಮ ಉಳಿಯಬೇಕಾದರೆ ಇವರಿಗೇ ಒತ್ತಿ" ಅಂದಾಗ ನಿನಗದು ಆಶೀರ್ವಾದವಾಗಿಯೇ ಕೇಳಿಸೀತು. ಅದೇ ಮಾತು ಮಸೀದಿಯೆದುರೋ ಚರ್ಚಿನ ಅಂಗಳದಲ್ಲೋ ಬಂದರೆ ಕೂಡಲೇ ಪೆನ್ನು ತೆಗೆಯುತ್ತೀಯ. ಆ ಸ್ವಾಮಿಗಳ ವಾಕ್ಯದಲ್ಲಿ ಧರ್ಮದ ಹೆಸರೊಂದನ್ನು ಬದಲಿಸಿ ಓದು. ಆಗ ತಪ್ಪೆನಿಸಿದರೆ ಈಗಲೂ ತಪ್ಪೇ, ಬರೆದುಕೋ. ಕ್ಯಾಮೆರಾದವನು ಗೌರವದಿಂದ ಕ್ಯಾಮೆರಾ ತಗ್ಗಿಸಿಯಾನು, ತಗ್ಗಿಸಲು ಬಿಡಬೇಡ. ಇದನ್ನು ಇನ್ನೂ ಹತ್ತು ಸಲ ಹೇಳಬೇಕೆನಿಸುತ್ತದೆ. ಎಲ್ಲ ಧರ್ಮದಲ್ಲೂ ಮತಾಂಧರು ಬೆಳೆಯುವುದು ಅವರವರ ಕಡೆಯ ಒಳ್ಳೆಯ ಜನ ಹೀಗೆ ಸಲಿಗೆ ಕೊಟ್ಟಾಗ.

ಮುಂಬೈನ ವಿಲೇಪಾರ್ಲೆಯ 1987ರ ಉಪಚುನಾವಣೆ ಇಂಥ ಭಾಷಣಗಳಿಂದಲೇ ರದ್ದಾಯಿತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 1995ರಲ್ಲಿ, ಆ ವಿಧಾನಸಭೆಯ ಅವಧಿ ಮುಗಿದ ಎಷ್ಟೋ ಕಾಲಕ್ಕೆ. ಹಾಗೆಂದು ಕೈಚೆಲ್ಲಬೇಡ, ದಾಖಲೆ ಇದ್ದದ್ದರಿಂದಲೇ ಅಷ್ಟಾದರೂ ಆಯಿತು.

ಹೊರಡುವ ಹೊತ್ತಲ್ಲಿ ಪಾಠ ಹೇಳಿದೆನೆಂದು ಬೇಜಾರಾಗಬೇಡ. ಗುಂಪು ಸುತ್ತುಗಟ್ಟಿದರೆ ವಾದಕ್ಕಿಳಿಯದೆ ಗಾಡಿ ಹತ್ತು, ದೂರು ಬಂದಲ್ಲಿಗೆ ಧಾವಿಸುವ ಫ್ಲೈಯಿಂಗ್ ಸ್ಕ್ವಾಡಿಗೆ ಫೋನ್ ಮಾಡು. ಎಷ್ಟೇ ರಾತ್ರಿಯಾದರೂ ಅವತ್ತಿನ ಕಾರ್ಡು ಅವತ್ತೇ ಒಪ್ಪಿಸಿ, ಸಹಿ ಹಾಕಿದ ಸ್ವೀಕೃತಿ ತಗೊಂಡು ಮನೆಗೆ ಬಾ.

ಅಮ್ಮ