ಫಲಕಕ್ಕೂ ಕನ್ನಡ ಬರುತ್ತದೆ

ಮಾನ್ಯರೆ,

ಶಾಲೆಗಳ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳು ಮಾಡಿಟ್ಟ ಎಲ್‌ಇಡಿ ಫಲಕಗಳಲ್ಲಿ ರಾಜ್ಯೋತ್ಸವದ ಶುಭಾಶಯವೂ ಇಂಗ್ಲಿಷ್ ಅಕ್ಷರದಲ್ಲೇ ಓಡುತ್ತದೆ. ‘ಆರ್ಡುಯಿನೊಗೆ (ಫಲಕ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ) ಕನ್ನಡ ಬರೋದಿಲ್ಲ’ ಎಂಬ ಸಮಜಾಯಿಷಿ ಅರ್ಧ ಮಾತ್ರ ನಿಜ.

‘ನಮಸ್ಕಾರ’ ಕಣ್ಣಿಗೆ ನಾಲ್ಕೇ ಅಕ್ಷರ. ಯುನಿಕೋಡ್‌ನಲ್ಲಿ ಅದು ನ, ಮ, ಸ, ಹಲಂತ, ಕ, ದೀರ್ಘ, ರ ಎಂದು ಏಳು ಸಂಕೇತ. ಅವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 21 ಬೈಟ್. ಇವನ್ನು ಬೆಸೆದು ‘ಸ್ಕಾ’ ಮಾಡುವ ತಂತ್ರಾಂಶ ಫೋನಿನಲ್ಲಿದೆ, 2 ಕಿಲೋಬೈಟ್ ರ‍್ಯಾಮಿನ ಊನೊ ಎಂಬ ಆರ್ಡುಯಿನೊ ಬೋರ್ಡಿನಲ್ಲಿಲ್ಲ. ಆದ್ದರಿಂದ ಬೋರ್ಡಿಗೆ ಪಠ್ಯ ಕೊಡಬಾರದು, ಚಿತ್ರ ಕೊಡಬೇಕು. 16 ಚೌಕ ಎತ್ತರದ ಗ್ರಾಫ್ ಹಾಳೆಯಲ್ಲಿ ಪದವನ್ನು ಬಿಡಿಸಿ, ಒಂದೊಂದು ಕಂಬವನ್ನೂ 2 ಬೈಟ್ ಮಾಡಿ. 128 ಕಂಬದ ಸಾಲಿಗೆ 256 ಬೈಟ್. ಅದನ್ನು ರ‍್ಯಾಮಿನಲ್ಲಲ್ಲ, ಪ್ರೋಗ್ರಾಮ್ ಕೂರುವ 32 ಕಿಲೋಬೈಟಿನ ಫ್ಲ್ಯಾಶ್‌ನಲ್ಲಿಡಿ. 8 ಚುಕ್ಕಿಯಲ್ಲೇ ಮುಗಿಸೋಣವೆಂದರೆ ತಲೆಕಟ್ಟು, ಗುಣಿತ, ಒತ್ತು ಮೂರೂ ಹಿಡಿಸುವುದಿಲ್ಲ. ಒತ್ತಕ್ಷರ ಮಸಿಬೊಟ್ಟಾಗುತ್ತದೆ.

16 ಚುಕ್ಕಿ ಎತ್ತರಕ್ಕೆ ದೀಪ ಉರಿಸುವ ಮ್ಯಾಕ್ಸ್ 7219 ಚಿಪ್ಪಿನ ‘ನಾಲ್ಕು ಚೌಕ’ದ ಮಾಡ್ಯೂಲ್ (8×8 ದೀಪದ ನಾಲ್ಕು ಚೌಕ, ಚೌಕಕ್ಕೊಂದು ಚಿಪ್) ಎರಡು ಬೇಕು, ಒಂದರ ಕೆಳಗೊಂದು. ಮೇಲಿನದರ ಡಿಔಟ್ (ಡೇಟಾ ಹೊರಬರುವ ಪಿನ್) ಕೆಳಗಿನದರ ಡೇಟಾ ಒಳಹೋಗುವ ಡಿಇನ್‌ಗೆ. ಸಿಎಸ್ (ಆಯ್ಕೆ) ತಂತಿ, ಕ್ಲಾಕ್ (ತಾಳ) ತಂತಿ ಎರಡು ಮಾಡ್ಯೂಲಿಗೂ ಹಂಚಿಕೆ. ಊನೊದಲ್ಲಿ ಡೇಟಾ 11, ಕ್ಲಾಕ್ 13, ಸಿಎಸ್ 10ನೇ ಪಿನ್. ಒಂದೊಂದು ಚೌಕವೂ ಅಡ್ಡಡ್ಡ ತಿರುಗಿ ಕಂಡರೆ ವೈರು ಕೀಳಬೇಡಿ, ಫಲಕ ನಡೆಸುವ ಸಿದ್ಧ ಕೋಡಿನ ಲೈಬ್ರರಿಯಲ್ಲಿ ಮಾಡ್ಯೂಲ್ ಬಗೆಯನ್ನು ಎಫ್‌ಸಿ-16 ಎಂದು ಬದಲಿಸಿ.

ಎಡವಟ್ಟಾಗುವುದು ಹೆಚ್ಚಾಗಿ ವಿದ್ಯುತ್ತಿನಲ್ಲಿ. ಎಲ್ಲ ದೀಪ ಪೂರ್ಣ ಬೆಳಕಿನಲ್ಲಿ ಉರಿದರೆ ಒಂದು ಚಿಪ್ ಸುಮಾರು 300 ಮಿಲಿಆಂಪ್ ಎಳೆಯುತ್ತದೆ. ಎರಡು ಮಾಡ್ಯೂಲಿನ ಎಂಟು ಚಿಪ್ಪಿಗೆ 2 ಆಂಪ್ ದಾಟಿತು. ಊನೊದ ಯುಎಸ್‌ಬಿ ಫ್ಯೂಸ್ 500 ಮಿಲಿಆಂಪಿನದು. ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಮಕ್ಕಳು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. ಇದಕ್ಕೆ ಮದ್ದು, ಪ್ರೋಗ್ರಾಮಿನಲ್ಲೇ ಬೆಳಕು ತಗ್ಗಿಸುವುದು. ಬೆಳಕಿಗೆ 0ಯಿಂದ 15ರವರೆಗೆ 16 ಹಂತಗಳಿವೆ. ಹಂತ 1ರಲ್ಲಿ ದೀಪ ಉರಿಯುವುದು 32ರಲ್ಲಿ 3 ಪಾಲು ಹೊತ್ತು ಮಾತ್ರ. ಆಗ 512 ದೀಪವೂ ಹೊತ್ತಿದರೂ ಸುಮಾರು 240 ಮಿಲಿಆಂಪ್. ಅಕ್ಷರಗಳಿಗೆ ಅಷ್ಟೂ ದೀಪ ಉರಿಯುವುದಿಲ್ಲ, ಇನ್ನೂ ಕಡಿಮೆ ಸಾಕು. ಕೋಣೆಯೊಳಗೆ ಓದಲು ಈ ಬೆಳಕು ಧಾರಾಳ. ಬಿಸಿಲಿಗೆ ಇಡುವುದಾದರೆ ಮಾತ್ರ ಪ್ರತ್ಯೇಕ 5 ವೋಲ್ಟ್, 3 ಆಂಪ್ ಅಡಾಪ್ಟರ್ ಬೇಕು. ಆಗ ಅದರ ಗ್ರೌಂಡನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಲೇಬೇಕು.

ಇದ್ದಕ್ಕಿದ್ದಂತೆ ಎಲ್ಲ ದೀಪ ಝಗ್ಗನೆ ಹೊತ್ತಿ ನಿಂತರೆ ಚಿಪ್ ಸುಟ್ಟಿಲ್ಲ. ಉದ್ದ ವೈರಿನ ವಿದ್ಯುತ್ ಗದ್ದಲಕ್ಕೆ ಅದು ‘ಪರೀಕ್ಷೆ’ ಸ್ಥಿತಿಗೆ ಹೋಗಿರುತ್ತದೆ. ಚಿಪ್ಪಿನ 15ನೇ ರಿಜಿಸ್ಟರಿಗೆ (ಒಳಗಿನ ಸೆಟ್ಟಿಂಗ್ ಖಾನೆಗೆ) 0 ಬರೆದರೆ ಸರಿಹೋಗುತ್ತದೆ. ಚಿಪ್ಪಿನ ಬುಡದಲ್ಲಿ 10 ಮೈಕ್ರೊಫ್ಯಾರಡ್ ಮತ್ತು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದ್ದರೆ ಈ ಕಾಟ ಅಪರೂಪ. ಇಎಸ್‌ಪಿ8266 ಎಂಬ ವೈಫೈ ಬೋರ್ಡನ್ನು ಊನೊ ಬದಲು ಬಳಸುವವರಿಗೆ ಇನ್ನೊಂದು ತೊಡಕು: ಅದರ ಸಂಕೇತ 3.3 ವೋಲ್ಟ್, ಮ್ಯಾಕ್ಸ್ 7219 ಕೇಳುವುದು ಕನಿಷ್ಠ 3.5. ಮೇಜಿನ ಮೇಲೆ ಅದೃಷ್ಟಕ್ಕೆ ಓಡಿದ್ದು ವೇದಿಕೆಯಲ್ಲಿ ನಿಂತುಹೋಗುತ್ತದೆ. ನಡುವೆ ಸಂಕೇತವನ್ನು ಏರಿಸುವ ಚಿಪ್, 5 ವೋಲ್ಟಿನಲ್ಲಿ ನಡೆಯುವ 74ಎಚ್‌ಸಿಟಿ125 ಹಾಕಿ.

ಪ್ರದರ್ಶನದ ತೀರ್ಪುಗಾರರು ಮುಂದಿನ ಸಲ ಇಂಥ ಫಲಕದ ಮುಂದೆ ನಿಂತಾಗ ಮಕ್ಕಳ ಕೈಯಲ್ಲಿ ‘ಸ್ಕಾ’ ಒಂದನ್ನು ಬರೆಸಿ ನೋಡಲಿ.

– ಎಲೆಕ್ಟ್ರಾನಿಕ್ಸ್ ಹವ್ಯಾಸಿ ಓದುಗ, ಶಿವಮೊಗ್ಗ