ಬೇರಿಂಗ್ ಬದಲಾಯಿತು, ಕೈಪಿಡಿ ಬದಲಾಗಲಿಲ್ಲ

ಮಾನ್ಯ ಸಂಪಾದಕರೇ,

ಯಂತ್ರದ ಜೊತೆ ಕೊಡುವ ಕೈಪಿಡಿಯನ್ನು ಯಾರೂ ಓದುವುದಿಲ್ಲ ಎಂದು ತಯಾರಕರು ದೂರುವುದುಂಟು. ಓದಿದವರಿಗೆ ಅದರಲ್ಲಿ ಸಿಗುವುದೇನು ಎಂದು ಅವರೇ ಒಮ್ಮೆ ತೆರೆದು ನೋಡಿದರೆ ಒಳ್ಳೆಯದು.

ವಿನ್ಯಾಸ ವಿಭಾಗದವರು ಶಾಫ್ಟಿನ ವ್ಯಾಸವನ್ನು 20 ಮಿ.ಮೀ.ನಿಂದ 25ಕ್ಕೆ ಏರಿಸುತ್ತಾರೆ ಎನ್ನಿ. 20 ಮಿ.ಮೀ. ಒಳ ವ್ಯಾಸದ 6204 ನಂಬರಿನ ಬೇರಿಂಗ್ ಇದ್ದಲ್ಲಿ 25ರ 6205 ಬರುತ್ತದೆ. ಡ್ರಾಯಿಂಗ್ ತಿದ್ದುತ್ತಾರೆ, ಸ್ಟೋರ್ಸ್‌ಗೆ ತಿಳಿಸುತ್ತಾರೆ, ಖರೀದಿಯವರಿಗೂ ಹೇಳುತ್ತಾರೆ. ಕೈಪಿಡಿಯ ಬಿಡಿಭಾಗಗಳ ಪಟ್ಟಿಯಲ್ಲಿ ಮಾತ್ರ 6204 ಹಾಗೇ ಕೂತಿರುತ್ತದೆ. ಎರಡು ವರ್ಷ ಕಳೆದು ಮೆಕ್ಯಾನಿಕ್ ಆ ಪಟ್ಟಿ ನಂಬಿ ತರಿಸಿದ ಬೇರಿಂಗ್ ಶಾಫ್ಟಿಗೆ ಏರುವುದೇ ಇಲ್ಲ. ಹೊರ ವ್ಯಾಸವೂ 47 ಮಿ.ಮೀ., ಬೇಕಾದದ್ದು 52.

ಇದಕ್ಕೆ ಮದ್ದು ಸರಳ. ವಿನ್ಯಾಸ ಬದಲಾವಣೆಯ ನಮೂನೆಯಲ್ಲೇ ‘ಕೈಪಿಡಿಯ ಯಾವ ಪುಟ?’ ಎಂಬ ಕಾಲಂ ಇರಲಿ. ಅದು ತುಂಬಿ, ಕೈಪಿಡಿ ಬರೆಯುವವರ ಸಹಿ ಬೀಳುವ ತನಕ ಫೈಲ್ ಮುಚ್ಚಕೂಡದು. ಮುಖಪುಟದಲ್ಲಿ ಆವೃತ್ತಿ, ದಿನಾಂಕದ ಜೊತೆಗೆ ಅದು ಯಾವ ಸೀರಿಯಲ್ ನಂಬರಿನಿಂದ ಯಾವ ನಂಬರಿನವರೆಗಿನ ಯಂತ್ರಗಳಿಗೆ ಎಂಬುದೂ ಬೇಕು. ಹೊಸದು ಬಂತೆಂದು ಹಳೆಯ ಆವೃತ್ತಿಯನ್ನು ಅಳಿಸುವವರಿದ್ದಾರೆ. 6204 ಕೂರಿಸಿದ ಯಂತ್ರಗಳು ಇನ್ನೂ ಓಡುತ್ತಿರುತ್ತವೆ ಎಂಬುದು ಅವರಿಗೆ ನೆನಪೇ ಇರುವುದಿಲ್ಲ. 2027ರ ಜನವರಿಯಿಂದ ಅನ್ವಯವಾಗುವ ಐರೋಪ್ಯ ಒಕ್ಕೂಟದ 2023/1230 ಯಂತ್ರೋಪಕರಣ ನಿಯಮ ಡಿಜಿಟಲ್ ಕೈಪಿಡಿಗೆ ಒಪ್ಪಿದೆಯಾದರೂ, ಯಂತ್ರದ ನಿರೀಕ್ಷಿತ ಬಾಳಿಕೆಯ ಉದ್ದಕ್ಕೂ, ಕನಿಷ್ಠ 10 ವರ್ಷವಂತೂ, ಅದು ಆನ್‌ಲೈನ್‌ನಲ್ಲಿ ಸಿಗಲೇಬೇಕೆಂಬ ಷರತ್ತು ಹಾಕಿದೆ.

ಆರು ಮಾದರಿಗೆ ಆರು ವರ್ಡ್ ಫೈಲ್ ಇಟ್ಟುಕೊಂಡರೆ ಐದರಲ್ಲಿ ತಿದ್ದಿ ಆರನೆಯದನ್ನು ಮರೆಯುವುದು ಮಾಮೂಲು. ಸಾಮಾನ್ಯ ಭಾಗವನ್ನು ಒಂದೇ ಕಡೆ ಬರೆದಿಟ್ಟು ಎಲ್ಲ ಕೈಪಿಡಿಗಳಿಗೂ ಅಲ್ಲಿಂದಲೇ ಎತ್ತಿಕೊಳ್ಳುವ ಡಿಟಾ (DITA) ಪದ್ಧತಿ 2005ರಿಂದ ಮುಕ್ತ ಮಾನದಂಡವಾಗಿಯೇ ಇದೆ. ಎರಡೇ ಮಾದರಿ ತಯಾರಿಸುವವರಿಗೆ ಅಷ್ಟು ದೊಡ್ಡ ಏರ್ಪಾಡು ಬೇಡ ಬಿಡಿ.

ಇನ್ನು ಬರವಣಿಗೆ. ‘4. ಬೆಲ್ಟ್ ತೆಗೆಯಿರಿ’ ಎಂದು ಬರೆದು, ಅದರ ಕೆಳಗೆ ‘ಇದಕ್ಕೂ ಮುನ್ನ ಮುಖ್ಯ ಸ್ವಿಚ್ ಆಫ್ ಮಾಡಿರಬೇಕು’ ಎಂದು ಮುದ್ರಿಸಿದ ಕೈಪಿಡಿಗಳಿವೆ. ಕೆಲಸಗಾರ ಒಂದೊಂದೇ ಸಾಲು ಓದಿ ಕೈ ಹಾಕುತ್ತಾನೆ. ಎಚ್ಚರಿಕೆ ಕಣ್ಣಿಗೆ ಬೀಳುವಷ್ಟರಲ್ಲಿ ಕೈ ಬೆಲ್ಟಿನ ಮೇಲಿರುತ್ತದೆ. ಸ್ವಿಚ್ ಆಫ್ ಆದ ಮೇಲೂ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ‘ಸ್ವಲ್ಪ ಹೊತ್ತು ಕಾಯಿರಿ’ ಎಂದರೆ ಸಾಲದು, ಎಷ್ಟು ನಿಮಿಷ ಎಂದು ಬರೆಯಬೇಕು. ‘ಬೋಲ್ಟ್ ಚೆನ್ನಾಗಿ ಬಿಗಿ ಮಾಡಿ’ ಎಂಬುದೂ ಇದೇ ಜಾತಿಯದು. ಎಷ್ಟು ನ್ಯೂಟನ್ ಮೀಟರ್ ಟಾರ್ಕ್ (ಬಿಗಿಸುವ ತಿರುಚು ಬಲ) ಎಂಬ ಅಂಕಿ ಇಲ್ಲದಿದ್ದರೆ ಒಬ್ಬನ ಕೈಯಲ್ಲಿ ಬೋಲ್ಟ್ ಸಡಿಲ, ಇನ್ನೊಬ್ಬನ ಕೈಯಲ್ಲಿ ಥ್ರೆಡ್ಡೇ ಹಾಳು.

ಮುದ್ರಣಕ್ಕೆ ಮೊದಲು, ಆ ಯಂತ್ರವನ್ನು ಎಂದೂ ಬಿಚ್ಚದ ಒಬ್ಬ ಮೆಕ್ಯಾನಿಕ್‌ಗೆ ಕೈಪಿಡಿ ಕೊಟ್ಟು ಕೆಲಸ ಮಾಡಿಸಿ ನೋಡಿ. ವಿನ್ಯಾಸಕಾರರು ಪಕ್ಕದಲ್ಲಿ ಬಾಯಿ ಬಿಡದೆ ನಿಂತಿರಲಿ. ಮೆಕ್ಯಾನಿಕ್ ಎಲ್ಲಿ ತಲೆಯೆತ್ತಿ ಅವರ ಮುಖ ನೋಡುತ್ತಾನೋ, ತಿದ್ದಬೇಕಾದ ಸಾಲು ಅದೇ.

– ಒಬ್ಬ ತಾಂತ್ರಿಕ ಬರಹಗಾರ